ಕಪ್ಪು ಜೆರ್ಸಿ ಯಾರಿಗೆ? ನ್ಯೂಜಿಲೆಂಡ್ ರಗ್ಬಿ ತಂಡದ ಆಯ್ಕೆಯ ಲೆಕ್ಕಾಚಾರ

ರಿಚಿ ಮೊಉಂಗಾ ನ್ಯೂಜಿಲೆಂಡಿನ ರಗ್ಬಿ ಆಟಗಾರ. 2023ರ ವಿಶ್ವಕಪ್ ಫೈನಲ್‌ನಲ್ಲಿ ನ್ಯೂಜಿಲೆಂಡಿನ 10ನೇ ನಂಬರ್ ಜೆರ್ಸಿ ಹಾಕಿದ್ದು ಅವರೇ. ಆಮೇಲೆ ಜಪಾನಿಗೆ ಹೋಗಿ ತೋಷಿಬಾ ಕಂಪನಿಯ ತಂಡ ಸೇರಿದರು. 2024 ಮತ್ತು 2025, ಎರಡೂ ವರ್ಷ ಆ ತಂಡ ಜಪಾನ್ ಲೀಗ್ ಗೆದ್ದಿತು. ಫಾರ್ಮ್ ಚೆನ್ನಾಗಿತ್ತು, ವಯಸ್ಸೂ ಮೀರಿರಲಿಲ್ಲ. ಆದರೂ ಆ ಎರಡು ವರ್ಷ ಅವರು ನ್ಯೂಜಿಲೆಂಡ್ ಪರ ಒಂದೇ ಒಂದು ಪಂದ್ಯ ಆಡಲಿಲ್ಲ.

ಕಾರಣ ಒಂದು ನಿಯಮ. ನ್ಯೂಜಿಲೆಂಡಿನ ರಾಷ್ಟ್ರೀಯ ತಂಡವಾದ ಆಲ್ ಬ್ಲ್ಯಾಕ್ಸ್‌ಗೆ ಆಡಬೇಕಾದರೆ ನ್ಯೂಜಿಲೆಂಡ್ ರಗ್ಬಿ ಮಂಡಳಿಯ ಜೊತೆ ಒಪ್ಪಂದ ಇರಬೇಕು, ಅಲ್ಲಿನ ಲೀಗುಗಳಲ್ಲೇ ಆಡಬೇಕು. ಹೊರಗೆ ಹೋದವರಿಗೆ ಬಾಗಿಲು ಬಂದ್. ಮೊಉಂಗಾ 2025ರಲ್ಲಿ ಮನೆಗೆ ಮರಳುವ ಒಪ್ಪಂದಕ್ಕೆ ಸಹಿ ಹಾಕಿದರು. ಅದು 2027ರ ವಿಶ್ವಕಪ್‌ವರೆಗೂ ಇದೆ. ಆ ವಿಶ್ವಕಪ್ 2027ರ ಅಕ್ಟೋಬರ್ 1ರಂದು ಆಸ್ಟ್ರೇಲಿಯಾದಲ್ಲಿ ಶುರುವಾಗುತ್ತದೆ.

ಅಭಿಮಾನಿಗಳ ನಡುವೆ ವಾದ ಬಿಸಿಯಾಗಿರುವುದು ಇದಕ್ಕೇ. ಯಾರನ್ನು ಕರೆದುಕೊಂಡು ಹೋಗಬೇಕು? ಯಾರನ್ನು ಬಿಡಬೇಕು? ಬಾಗಿಲನ್ನು ಪೂರ್ತಿ ತೆರೆದುಬಿಡಬೇಕಾ? ಆಕ್ಲೆಂಡಿನಲ್ಲೋ ಸಿಡ್ನಿಯಲ್ಲೋ ಕೆಲಸ ಮಾಡುವ ಕನ್ನಡಿಗರಿಗೆ ಆಫೀಸಿನ ಊಟದ ಹೊತ್ತಿನಲ್ಲಿ ಈ ಮಾತು ಕಿವಿಗೆ ಬೀಳದೇ ಇರುವುದಿಲ್ಲ. ಕ್ರಿಕೆಟ್ ನೋಡಿಕೊಂಡು ಬೆಳೆದ ನಮಗೆ ಇದರ ತಲೆಬುಡ ಬೇಗ ಸಿಗುವುದಿಲ್ಲ. ಆದರೆ ಸ್ವಲ್ಪ ಬಿಡಿಸಿ ನೋಡಿದರೆ ತುಂಬಾ ಸ್ವಾರಸ್ಯದ ವಿಷಯ ಇದು.

## ಆಟದ ಬಗ್ಗೆ ಒಂದಿಷ್ಟು

ರಗ್ಬಿಯಲ್ಲಿ ಒಂದು ತಂಡಕ್ಕೆ 15 ಜನ. ಪಂದ್ಯ 80 ನಿಮಿಷ. ಚೆಂಡನ್ನು ಕೈಯಲ್ಲಿ ಹಿಡಿದು ಎದುರಾಳಿಯ ಗೆರೆ ದಾಟಿ ನೆಲಕ್ಕೆ ಮುಟ್ಟಿಸಿದರೆ ಅದು ಟ್ರೈ, 5 ಅಂಕ. ಟ್ರೈ ಆದ ಮೇಲೆ ಕಂಬಗಳ ನಡುವೆ ಒದ್ದರೆ ಇನ್ನೂ 2. ಎದುರಾಳಿ ತಪ್ಪು ಮಾಡಿ ಪೆನಾಲ್ಟಿ ಸಿಕ್ಕಾಗ ಕಂಬದೊಳಗೆ ಒದ್ದರೆ 3. ಚೆಂಡು ಹಿಡಿದು ಮುಂದೆ ಓಡಬಹುದು, ಮುಂದಕ್ಕೆ ಒದೆಯಬಹುದು. ಕೈಯಿಂದ ಮಾತ್ರ ಮುಂದಕ್ಕೆ ಪಾಸ್ ಮಾಡುವ ಹಾಗಿಲ್ಲ.

15 ಜನರಲ್ಲಿ 8 ಮಂದಿ ಫಾರ್ವರ್ಡ್‌ಗಳು. ದಪ್ಪ, ಎತ್ತರ, ಬಲ ಇರುವವರು. ನೂಕಾಟ, ಕಿತ್ತಾಟದ ಕೆಲಸ ಅವರದು. ಉಳಿದ 7 ಮಂದಿ ಬ್ಯಾಕ್‌ಗಳು. ಓಟ, ಪಾಸು, ಒದೆತ ಇವರ ಕೆಲಸ. ಫಾರ್ವರ್ಡ್‌ಗಳು ಗಳಿಸಿದ ಚೆಂಡನ್ನು 9ನೇ ನಂಬರಿನವನು ಎತ್ತಿ ಕೊಡುತ್ತಾನೆ. ಅದು ಸಾಮಾನ್ಯವಾಗಿ 10ನೇ ನಂಬರಿನವನ ಕೈ ಸೇರುತ್ತದೆ. ಓಡುವುದೋ, ಪಾಸ್ ಕೊಡುವುದೋ, ಒದೆಯುವುದೋ ಅಂತ ಕಣ್ಣು ಮಿಟುಕಿಸುವಷ್ಟರಲ್ಲಿ ಅವನು ನಿರ್ಧರಿಸಬೇಕು. ಎಷ್ಟೋ ತಂಡಗಳಲ್ಲಿ ಪೆನಾಲ್ಟಿ ಒದೆಯುವ ಹೊಣೆಯೂ ಅವನದೇ. ಮೊಉಂಗಾ ಒಬ್ಬರ ವಿಷಯಕ್ಕೆ ಇಷ್ಟು ಗಲಾಟೆ ಯಾಕೆ ಅನ್ನುವುದಕ್ಕೆ ಅರ್ಧ ಉತ್ತರ ಇಲ್ಲೇ ಇದೆ.

ಇನ್ನೆರಡು ಮಾತು ಗೊತ್ತಿರಲಿ. ರಗ್ಬಿಯಲ್ಲಿ ಎರಡು ದೇಶಗಳ ನಡುವಿನ ಪಂದ್ಯವನ್ನು ಟೆಸ್ಟ್ ಅನ್ನುತ್ತಾರೆ. ಕ್ರಿಕೆಟ್ಟಿನ ಹಾಗೆ ಐದು ದಿನ ಅಲ್ಲ, ಅದೇ 80 ನಿಮಿಷ. ದೇಶದ ಪರ ಆಡಿದ ಪ್ರತಿ ಟೆಸ್ಟಿಗೆ ಒಂದು ಕ್ಯಾಪ್ ಲೆಕ್ಕ. ಯಾರೋ 153 ಕ್ಯಾಪ್ ಗಳಿಸಿದ್ದಾರೆ ಅಂದರೆ 153 ಟೆಸ್ಟ್ ಆಡಿದ್ದಾರೆ ಅಂತ. ಆಲ್ ಬ್ಲ್ಯಾಕ್ಸ್‌ನಲ್ಲಿ ಆ ದಾಖಲೆ ಸ್ಯಾಮ್ ವೈಟ್‌ಲಾಕ್ ಅವರದು.

## ಒಂದೇ ವಾದದೊಳಗೆ ಮೂರು ಪ್ರಶ್ನೆ

ಆಯ್ಕೆಯ ಬಗ್ಗೆ ಜಗಳ ಆಡುವವರ ಮಾತು ಕೇಳಿದರೆ ಒಂದು ವಿಷಯ ಗಮನಕ್ಕೆ ಬರುತ್ತದೆ. ಇಬ್ಬರೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಹೇಳುತ್ತಿರುತ್ತಾರೆ, ಒಂದೇ ಪ್ರಶ್ನೆ ಅಂದುಕೊಂಡಿರುತ್ತಾರೆ.

ಮೊದಲ ಪ್ರಶ್ನೆ: ಈ ಆಟಗಾರ ಈ ದೇಶದ ಪರ ಆಡಬಹುದಾ? ಇದನ್ನು ತೀರ್ಮಾನಿಸುವುದು ಜಾಗತಿಕ ಸಂಸ್ಥೆಯಾದ ವರ್ಲ್ಡ್ ರಗ್ಬಿ. ಎರಡನೆಯದು: ಹೊರದೇಶದ ಕ್ಲಬ್ಬಿನಲ್ಲಿ ಸಂಬಳ ತೆಗೆದುಕೊಳ್ಳುತ್ತಿರುವಾಗ ಅವನನ್ನು ಕರೆಯಬಹುದಾ? ಇದು ಆಯಾ ದೇಶದ ಮಂಡಳಿಯ ಕೈಯಲ್ಲಿರುವ ವಿಷಯ, ಒಂದೊಂದು ದೇಶಕ್ಕೆ ಒಂದೊಂದು ಪದ್ಧತಿ. ಮೂರನೆಯದು: ಇವನೇ ಬೇಕಾ? ಇದು ಕೋಚ್ ಮತ್ತು ಆಯ್ಕೆಗಾರರ ಕೆಲಸ.

ಮೊಉಂಗಾ ವಿಷಯದಲ್ಲಿ ಮೊದಲ ಪ್ರಶ್ನೆ ಏಳುವುದೇ ಇಲ್ಲ. ಮೂರನೆಯದಕ್ಕೂ ಉತ್ತರ ಸ್ಪಷ್ಟವಾಗಿತ್ತು. 2024ರಲ್ಲಿ ಕೋಚ್ ಆದ ಸ್ಕಾಟ್ ರಾಬರ್ಟ್‌ಸನ್, ಹೊರಗಿರುವವರನ್ನೂ ಆರಿಸಲು ಅವಕಾಶ ಇದ್ದರೆ ಒಳ್ಳೆಯದು ಅಂತ ಬಹಿರಂಗವಾಗಿಯೇ ಹೇಳಿದ್ದರು. ನ್ಯೂಜಿಲೆಂಡಿನ ಲೀಗ್ ತಂಡವಾದ ಕ್ರುಸೇಡರ್ಸ್‌ಗೆ ಅವರು ಕೋಚ್ ಆಗಿದ್ದಾಗ ಅಲ್ಲಿ 10ನೇ ನಂಬರಿನಲ್ಲಿ ಆಡುತ್ತಿದ್ದವರು ಇದೇ ಮೊಉಂಗಾ. ಮಂಡಳಿ ಒಪ್ಪಲಿಲ್ಲ. ಸಿಕ್ಕಿಕೊಂಡಿದ್ದು ಎರಡನೇ ಪ್ರಶ್ನೆಯಲ್ಲಿ.

## ಯಾವ ದೇಶದವನು ಅಂತ ಹೇಗೆ ತೀರ್ಮಾನ?

ವರ್ಲ್ಡ್ ರಗ್ಬಿಯ ನಿಯಮ ಪಾಸ್‌ಪೋರ್ಟ್ ಕೇಳುವುದಿಲ್ಲ, ನಂಟು ಕೇಳುತ್ತದೆ. ಆಟಗಾರ ಆ ದೇಶದಲ್ಲಿ ಹುಟ್ಟಿರಬೇಕು. ಇಲ್ಲವೇ ಅಪ್ಪ, ಅಮ್ಮ, ಅಜ್ಜ, ಅಜ್ಜಿ ಇವರಲ್ಲಿ ಒಬ್ಬರು ಅಲ್ಲಿ ಹುಟ್ಟಿರಬೇಕು. ಅದೂ ಇಲ್ಲದಿದ್ದರೆ ಸತತ 5 ವರ್ಷ ಅಲ್ಲಿನ ಮಂಡಳಿಯಲ್ಲಿ ಮಾತ್ರ ನೋಂದಾಯಿತ ಆಟಗಾರನಾಗಿರಬೇಕು, ಅಥವಾ ಎಲ್ಲ ಸೇರಿ 10 ವರ್ಷ ಅಲ್ಲಿ ನೆಲೆಸಿರಬೇಕು.

ನಮಗೆ ಗೊತ್ತಿರುವವರನ್ನೇ ತೆಗೆದುಕೊಳ್ಳೋಣ. ಕ್ರಿಕೆಟಿಗ ರಚಿನ್ ರವೀಂದ್ರ ಹುಟ್ಟಿದ್ದು ವೆಲ್ಲಿಂಗ್ಟನ್‌ನಲ್ಲಿ. ಅಪ್ಪ ಅಮ್ಮ ಬೆಂಗಳೂರಿನಿಂದ ಹೋದವರು. ರಚಿನ್ ಬ್ಯಾಟಿನ ಬದಲು ರಗ್ಬಿ ಚೆಂಡು ಹಿಡಿದಿದ್ದರೆ ವರ್ಲ್ಡ್ ರಗ್ಬಿ ಲೆಕ್ಕದಲ್ಲಿ ಹುಟ್ಟಿನಿಂದ ನ್ಯೂಜಿಲೆಂಡಿಗೂ ಆಗುತ್ತಿದ್ದರು, ಅಪ್ಪ ಅಮ್ಮನಿಂದ ಭಾರತಕ್ಕೂ ಆಗುತ್ತಿದ್ದರು. ಆದರೆ ಭಾರತಕ್ಕೆ ಆಡಲು ಇನ್ನೊಂದು ತಡೆ ಇದೆ. ಯಾವ ಆಟವೇ ಆಗಲಿ, ಭಾರತದ ತಂಡಕ್ಕೆ ಆಡಬೇಕಾದರೆ ಭಾರತದ ಪಾಸ್‌ಪೋರ್ಟ್ ಬೇಕು ಅನ್ನುವುದು ನಮ್ಮ ಸರ್ಕಾರದ ನೀತಿ. ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ ಗೊತ್ತಲ್ವಾ? ಆಸ್ಟ್ರೇಲಿಯಾದಲ್ಲಿ ಹುಟ್ಟಿದ ಅವರಿಗೆ ಭಾರತದ ಫುಟ್‌ಬಾಲ್ ತಂಡದಿಂದ ಕರೆ ಬಂದಿದ್ದು 2025ರಲ್ಲಿ ಭಾರತದ ಪೌರತ್ವ ಪಡೆದ ಮೇಲೆಯೇ.

ಈ 5 ವರ್ಷದ ಜಾಗದಲ್ಲಿ ಮೊದಲು 3 ವರ್ಷ ಅಲ್ಲಿ ನೆಲೆಸಿದ್ದರೆ ಸಾಕಿತ್ತು. ಆಗ ಐರ್ಲೆಂಡಿಗೆ ಕ್ಲಬ್ ಆಡಲು ಹೋದ ನ್ಯೂಜಿಲೆಂಡಿನ ಹುಡುಗರು ಮೂರು ವರ್ಷ ಕಳೆದು ಐರ್ಲೆಂಡಿನ ಪರವೇ ಆಡತೊಡಗಿದರು. ಬಂಡಿ ಆಕಿ, ಜೇಮ್ಸ್ ಲೋ, ಜೇಮಿಸನ್ ಗಿಬ್ಸನ್ ಪಾರ್ಕ್, ಮೂವರೂ ಹಾಗೆ ಹೋದವರು. 2023ರ ವಿಶ್ವಕಪ್ ಕ್ವಾರ್ಟರ್ ಫೈನಲ್‌ನಲ್ಲಿ ಐರ್ಲೆಂಡ್ ವಿರುದ್ಧ ನ್ಯೂಜಿಲೆಂಡ್ 28–24ರಲ್ಲಿ ಗೆದ್ದಾಗ ಮೂವರೂ ಎದುರು ಪಾಳಯದಲ್ಲಿದ್ದರು. ಇಂಥ ಉದಾಹರಣೆ ಜಾಸ್ತಿಯಾದ ಮೇಲೆ ಅವಧಿಯನ್ನು 5 ವರ್ಷಕ್ಕೆ ಏರಿಸಿದರು.

ಇನ್ನೊಂದು ಬದಲಾವಣೆ 2022ರ ಜನವರಿ 1ರಿಂದ ಬಂತು. ಅದಕ್ಕೂ ಮೊದಲು ಒಂದು ದೇಶದ ಹಿರಿಯರ ತಂಡಕ್ಕೆ ಒಂದೇ ಪಂದ್ಯ ಆಡಿದರೂ ಸರಿ, ಹೆಚ್ಚುಕಮ್ಮಿ ಜನ್ಮಪೂರ್ತಿ ಆ ದೇಶಕ್ಕೇ ಕಟ್ಟುಬಿದ್ದ ಹಾಗಿತ್ತು. ಟೋಂಗಾ, ಸಮೋವಾದಂಥ ಪುಟ್ಟ ದ್ವೀಪದೇಶಗಳಿಗೆ ಇದರಿಂದ ಬಹಳ ನಷ್ಟವಾಗುತ್ತಿತ್ತು. ಅಲ್ಲಿನ ಮನೆತನದ ಹುಡುಗ ಆಕ್ಲೆಂಡಿನಲ್ಲಿ ಬೆಳೆದು ಆಲ್ ಬ್ಲ್ಯಾಕ್ಸ್‌ಗೆ ಕೆಲವೇ ಪಂದ್ಯ ಆಡಿ ಹೊರಬಿದ್ದರೆ, ಆಮೇಲೆ ತನ್ನ ಹಿರಿಯರ ನಾಡಿಗೆ ಆಡುವ ಹಾಗಿರಲಿಲ್ಲ. ಈಗ ಮೂರು ವರ್ಷ ಅಂತರರಾಷ್ಟ್ರೀಯ ಪಂದ್ಯದಿಂದ ದೂರ ಇದ್ದರೆ, ತಾನು ಹುಟ್ಟಿದ ಅಥವಾ ತಂದೆ ತಾಯಿ, ಅಜ್ಜ ಅಜ್ಜಿ ಹುಟ್ಟಿದ ದೇಶಕ್ಕೆ ಒಂದು ಸಲ ಬದಲಾಗಬಹುದು. ಆಲ್ ಬ್ಲ್ಯಾಕ್ಸ್‌ಗೆ ಆಡಿದ್ದ ಚಾರ್ಲ್ಸ್ ಪಿಯುಟಾವ್ ಟೋಂಗಾ ಪರ, ಲಿಮಾ ಸೊಪೊವಾಗಾ ಸಮೋವಾ ಪರ 2023ರ ವಿಶ್ವಕಪ್ ಆಡಿದ್ದು ಹೀಗೆ. ಆ ವಿಶ್ವಕಪ್‌ನಲ್ಲಿ ಇಂಗ್ಲೆಂಡ್ ತಂಡ ಸಮೋವಾವನ್ನು ಸೋಲಿಸಿದ್ದು 18–17ರಲ್ಲಿ, ಬರೀ ಒಂದು ಅಂಕದಿಂದ. ನನ್ನ ಮಟ್ಟಿಗೆ ಇತ್ತೀಚೆಗೆ ರಗ್ಬಿಯಲ್ಲಿ ಬಂದ ಅತ್ಯಂತ ನ್ಯಾಯವಾದ ಬದಲಾವಣೆ ಇದು.

## ಮನೆಯಲ್ಲೇ ಆಡಬೇಕು ಅನ್ನುವುದು ಯಾಕೆ?

ಈಗ ಎರಡನೇ ಪ್ರಶ್ನೆ. ಇಲ್ಲಿ ದುಡ್ಡಿನ ಮಾತು ಬರುತ್ತದೆ.

ನ್ಯೂಜಿಲೆಂಡಿನ ಜನಸಂಖ್ಯೆ 50 ಲಕ್ಷ ದಾಟಿದೆ ಅಷ್ಟೇ, ಬೆಂಗಳೂರಿನ ಅರ್ಧವೂ ಇಲ್ಲ. ಇಷ್ಟು ಸಣ್ಣ ದೇಶದಲ್ಲಿ ಟಿವಿ ಹಕ್ಕು, ಟಿಕೆಟ್, ಜಾಹೀರಾತು ಎಲ್ಲ ಸೇರಿಸಿದರೂ ಬರುವ ಹಣಕ್ಕೆ ಮಿತಿ ಇದೆ. ಅತ್ತ ಫ್ರಾನ್ಸಿನ ಟಾಪ್ 14 ಲೀಗಿನಲ್ಲಿ ಕ್ಲಬ್ಬುಗಳ ಬೆನ್ನಿಗೆ ಶ್ರೀಮಂತ ಮಾಲೀಕರಿದ್ದಾರೆ. ಜಪಾನಿನಲ್ಲಿ ತಂಡಗಳನ್ನು ನಡೆಸುವುದೇ ದೊಡ್ಡ ಕಂಪನಿಗಳು: ತೋಷಿಬಾ, ಸಂಟೋರಿ, ಪ್ಯಾನಾಸೋನಿಕ್, ಕೋಬೆ ಸ್ಟೀಲ್. ನಮ್ಮ ಬಿಡದಿಯಲ್ಲಿ ಕಾರು ಮಾಡುವ ಟೊಯೊಟಾಕ್ಕೂ ಅಲ್ಲೊಂದು ರಗ್ಬಿ ತಂಡವಿದೆ. ಅವರು ಕೊಡುವ ಸಂಬಳಕ್ಕೆ ನ್ಯೂಜಿಲೆಂಡ್ ಸರಿಗಟ್ಟಲಾರದು.

ಸರಿಗಟ್ಟಲಾಗದಿದ್ದಾಗ ಮಂಡಳಿಯ ಕೈಯಲ್ಲಿ ಉಳಿಯುವುದು ಒಂದೇ ಅಸ್ತ್ರ, ಆ ಕಪ್ಪು ಜೆರ್ಸಿ. ಚಿಕ್ಕಂದಿನಿಂದ ಅದನ್ನೇ ಕನಸು ಕಂಡ ಹುಡುಗನಿಗೆ, ಜೆರ್ಸಿ ಬೇಕಾ, ಹಾಗಾದರೆ ಇಲ್ಲೇ ಇರು ಅನ್ನುತ್ತದೆ ನಿಯಮ. ಅವನು ಉಳಿದರೆ ಸೂಪರ್ ರಗ್ಬಿ ಲೀಗಿನ ಬ್ಲೂಸ್, ಚೀಫ್ಸ್, ಹರಿಕೇನ್ಸ್, ಕ್ರುಸೇಡರ್ಸ್, ಹೈಲ್ಯಾಂಡರ್ಸ್ ತಂಡಗಳಲ್ಲಿ ತಾರೆಗಳು ಇರುತ್ತಾರೆ. ತಾರೆಗಳಿದ್ದರೆ ಜನ ಮೈದಾನಕ್ಕೆ ಬರುತ್ತಾರೆ, ಟಿವಿಯವರು ದುಡ್ಡು ಕೊಡುತ್ತಾರೆ. ಅದೇ ದುಡ್ಡು ಕೆಳಗಿನ ಪ್ರಾಂತ್ಯದ ತಂಡಗಳವರೆಗೆ, ಶಾಲೆಯ ಮೈದಾನದವರೆಗೆ ಹರಿಯುತ್ತದೆ. 20 ವರ್ಷದ ಹುಡುಗ ವಾರ ವಾರ ಜಗತ್ತಿನ ಅತ್ಯುತ್ತಮರ ಪಕ್ಕದಲ್ಲಿ ಆಡಿ ಕಲಿಯುತ್ತಾನೆ.

ಇನ್ನೊಂದು ಅನುಕೂಲವೂ ಇದೆ. ಆಟಗಾರನ ಮುಖ್ಯ ಒಪ್ಪಂದ ರಾಷ್ಟ್ರೀಯ ಮಂಡಳಿಯ ಜೊತೆಗೇ ಇರುವುದರಿಂದ ಅವನಿಗೆ ಯಾವಾಗ ವಿಶ್ರಾಂತಿ, ಎಷ್ಟು ಪಂದ್ಯ ಅನ್ನುವುದರಲ್ಲಿ ಮಂಡಳಿಯ ಮಾತು ನಡೆಯುತ್ತದೆ. ಫ್ರಾನ್ಸಿನ ಕ್ಲಬ್ಬಿನಲ್ಲಿ ಇದ್ದರೆ ಸಂಬಳ ಕೊಡುವವನು ಕ್ಲಬ್ ಮಾಲೀಕ, ಅವನಿಗೆ ವಾರ ವಾರ ಆಟಗಾರ ಬೇಕು. ಟೆಸ್ಟ್ ನಡೆಯುವ ನಿಗದಿತ ವಾರಗಳಲ್ಲಿ ಕ್ಲಬ್ಬುಗಳು ಆಟಗಾರನನ್ನು ಬಿಟ್ಟುಕೊಡಲೇಬೇಕು ಅಂತ ವರ್ಲ್ಡ್ ರಗ್ಬಿ ನಿಯಮ ಇದೆ ನಿಜ. ಆದರೆ ಆ ವಾರಗಳ ಆಚೆಗೆ ತರಬೇತಿ ಶಿಬಿರಕ್ಕೆ ಕರೆದರೆ ಕಳಿಸಲೇಬೇಕೆಂದಿಲ್ಲ. ಬಂದರೂ ದಣಿದು ಬರುತ್ತಾನೆ.

ಹಾಗಂತ ಮಂಡಳಿ ಕಣ್ಣುಮುಚ್ಚಿ ಹಟ ಹಿಡಿದಿಲ್ಲ. ಕೆರೆಯ ತೂಬನ್ನು ಪೂರ್ತಿ ಮುಚ್ಚಿಟ್ಟರೆ ಏರಿಗೆ ಅಪಾಯ, ಪೂರ್ತಿ ತೆರೆದರೆ ಕೆರೆ ಖಾಲಿ. ಅದಕ್ಕೆ ಸ್ವಲ್ಪವೇ ಎತ್ತುತ್ತಾರೆ. ದೀರ್ಘಾವಧಿ ಒಪ್ಪಂದಕ್ಕೆ ಸಹಿ ಹಾಕಿದ ಹಿರಿಯ ಆಟಗಾರನಿಗೆ ಒಂದು ಸೀಸನ್ ಹೊರಗೆ ಆಡಿ ದುಡಿದು ಬರಲು ರಜೆ ಕೊಡುತ್ತಾರೆ. ಡ್ಯಾನ್ ಕಾರ್ಟರ್ 2008ರ ಕೊನೆಗೆ ಫ್ರಾನ್ಸಿನ ಪೆರ್ಪಿನ್ಯಾನ್‌ಗೆ ಹೋಗಿದ್ದು ಹೀಗೆ. ಬೋಡನ್ ಬ್ಯಾರೆಟ್ ಜಪಾನಿನಲ್ಲಿ ಸಂಟೋರಿಗೆ, ಆಮೇಲೆ ಟೊಯೊಟಾಕ್ಕೆ ಆಡಿದರು. ಆರ್ಡಿ ಸವೇಯಾ 2024ರಲ್ಲಿ ಕೋಬೆಗೆ ಹೋದರು. ಜೋರ್ಡಿ ಬ್ಯಾರೆಟ್ ಐರ್ಲೆಂಡಿನ ಲೆನ್‌ಸ್ಟರ್‌ಗೆ ಆಡಿ ಬಂದರು. ಮೊಉಂಗಾ ಕೇಸು ಬೇರೆ. ಅವರು ರಜೆಯ ಮೇಲೆ ಹೋದವರಲ್ಲ, ಒಪ್ಪಂದ ಮುಗಿಸಿ ಹೊರಟವರು.

ಇದೆಲ್ಲ ನಮಗೆ ತೀರಾ ಹೊಸದೇನಲ್ಲ. ಬಿಸಿಸಿಐ ಕೂಡ ಭಾರತಕ್ಕೆ ಆಡುತ್ತಿರುವ ಪುರುಷ ಆಟಗಾರರನ್ನು ವಿದೇಶದ ಟಿ20 ಲೀಗುಗಳಿಗೆ ಬಿಡುವುದಿಲ್ಲ. ಐಪಿಎಲ್‌ನ ತಾರೆಗಳು ಐಪಿಎಲ್‌ನಲ್ಲೇ ಕಾಣಬೇಕು ಅನ್ನುವ ಲೆಕ್ಕ. ವ್ಯತ್ಯಾಸ ಅಂದರೆ ಬಿಸಿಸಿಐ ಹತ್ತಿರ ದುಡ್ಡಿದೆ, ಆಟಗಾರ ಕಳೆದುಕೊಳ್ಳುವುದು ಕಡಿಮೆ. ನ್ಯೂಜಿಲೆಂಡ್ ಕ್ರಿಕೆಟ್ ಮಂಡಳಿ ಇದಕ್ಕೆ ತದ್ವಿರುದ್ಧ ದಾರಿ ಹಿಡಿದಿದೆ. ಟ್ರೆಂಟ್ ಬೌಲ್ಟ್ 2022ರಲ್ಲಿ, ಕೇನ್ ವಿಲಿಯಮ್ಸನ್ 2024ರಲ್ಲಿ ಮಂಡಳಿಯ ಒಪ್ಪಂದ ಬಿಟ್ಟರು, ಲೀಗುಗಳಲ್ಲಿ ಆಡಿದರು, ಆಮೇಲೂ ದೇಶದ ತಂಡಕ್ಕೆ ಆಡಿದರು. ಒಂದೇ ದೇಶ, ಎರಡು ಆಟ, ಎರಡು ದಾರಿ. ಕ್ರಿಕೆಟ್ ಮಂಡಳಿಗೆ ತನ್ನ ದೇಶದೊಳಗಿನ ಲೀಗಿನಿಂದ ಬರುವ ಆದಾಯ ರಗ್ಬಿಯಷ್ಟು ದೊಡ್ಡ ವಿಷಯ ಅಲ್ಲ. ರಗ್ಬಿಗೆ ಅದೇ ಬುನಾದಿ.

## ದಕ್ಷಿಣ ಆಫ್ರಿಕಾ ಹಿಡಿದ ದಾರಿ

ನಿಯಮ ತೆಗೆದುಹಾಕಿ ಅನ್ನುವವರು ಮೊದಲು ಬೊಟ್ಟು ಮಾಡುವುದು ದಕ್ಷಿಣ ಆಫ್ರಿಕಾದ ಕಡೆಗೆ. 2017ರಲ್ಲಿ ಅವರೂ ಬೇಲಿ ಹಾಕಿದ್ದರು. 30 ಟೆಸ್ಟ್ ಆಡದವನು ಹೊರಗೆ ಹೋದರೆ ದೇಶದ ತಂಡಕ್ಕಿಲ್ಲ ಅಂತ. ರಾಸಿ ಎರಾಸ್ಮಸ್ 2018ರಲ್ಲಿ ಕೋಚ್ ಆದ ಮೇಲೆ ಆ ಬೇಲಿ ಉಳಿಯಲಿಲ್ಲ. 2019ರಲ್ಲಿ ವಿಶ್ವಕಪ್ ಗೆದ್ದರು. 2023ರಲ್ಲಿ ಮತ್ತೆ ಗೆದ್ದರು.

2023ರ ಅಕ್ಟೋಬರ್ 28ರ ಆ ಫೈನಲ್ ನೋಡಿ. ಪ್ಯಾರಿಸ್ ಹತ್ತಿರದ ಸ್ಟಾಡ್ ಡಿ ಫ್ರಾನ್ಸ್, ದಕ್ಷಿಣ ಆಫ್ರಿಕಾ 12, ನ್ಯೂಜಿಲೆಂಡ್ 11. ಆ 12 ಅಂಕವನ್ನೂ ಒಬ್ಬರೇ ತಂದರು: ಹಾಂಡ್ರೆ ಪೊಲಾರ್ಡ್, ನಾಲ್ಕು ಪೆನಾಲ್ಟಿ. ಅವರು ಆಗ ಇಂಗ್ಲೆಂಡಿನ ಲೆಸ್ಟರ್ ಕ್ಲಬ್ಬಿನ ಆಟಗಾರ. ಗಾಯದಿಂದಾಗಿ ಮೊದಲ ಪಟ್ಟಿಯಲ್ಲಿ ಹೆಸರೂ ಇರಲಿಲ್ಲ, ಇನ್ನೊಬ್ಬರು ಗಾಯಗೊಂಡು ಹೊರಬಿದ್ದಾಗ ಒಳಗೆ ಬಂದಿದ್ದರು. ಪಂದ್ಯಶ್ರೇಷ್ಠ ಪೀಟರ್ ಸ್ಟೆಫ್ ಡು ಟೋಯಿ, 28 ಟ್ಯಾಕಲ್ ಮಾಡಿದವರು, ಅಂದರೆ ಚೆಂಡು ಹಿಡಿದು ಬಂದವರನ್ನು 28 ಸಲ ಹಿಡಿದು ಕೆಡವಿದವರು. ಅವರ ಕ್ಲಬ್ ಜಪಾನಿನ ಟೊಯೊಟಾ. ಅಂದರೆ ನ್ಯೂಜಿಲೆಂಡಿನ ನಿಯಮ ಅಲ್ಲಿದ್ದಿದ್ದರೆ ಇಬ್ಬರೂ ಆ ರಾತ್ರಿ ಮೈದಾನದಲ್ಲಿ ಇರುತ್ತಿರಲಿಲ್ಲ. ನ್ಯೂಜಿಲೆಂಡ್ ನಾಯಕ ಸ್ಯಾಮ್ ಕೇನ್ ಕೆಂಪು ಕಾರ್ಡ್ ಪಡೆದು ಹೊರನಡೆದಿದ್ದರು, 14 ಜನರಲ್ಲೇ ಅವರ ತಂಡ ಕೊನೆವರೆಗೂ ಹೋರಾಡಿತು ಅನ್ನುವುದನ್ನೂ ಮರೆಯಬಾರದು.

ಎರಡು ವರ್ಷ ಕಳೆದು, 2025ರ ಸೆಪ್ಟೆಂಬರಿನಲ್ಲಿ, ವೆಲ್ಲಿಂಗ್ಟನ್‌ನಲ್ಲಿ ನ್ಯೂಜಿಲೆಂಡ್ 10–43ರಲ್ಲಿ ಇದೇ ದಕ್ಷಿಣ ಆಫ್ರಿಕಾಕ್ಕೆ ಸೋತಿತು. ಆಲ್ ಬ್ಲ್ಯಾಕ್ಸ್ ಇತಿಹಾಸದಲ್ಲೇ ಅತಿ ದೊಡ್ಡ ಅಂತರದ ಸೋಲು. ಅದಕ್ಕೆ ಒಂದು ವಾರ ಮೊದಲು ಆಕ್ಲೆಂಡಿನ ಈಡನ್ ಪಾರ್ಕ್‌ನಲ್ಲಿ ನ್ಯೂಜಿಲೆಂಡೇ 24–17ರಲ್ಲಿ ಗೆದ್ದಿತ್ತು. ಆ ಮೈದಾನದಲ್ಲಿ ಅವರು 1994ರಿಂದ ಈಚೆಗೆ ಸೋತಿಲ್ಲ. ಆದರೆ ಜನರ ಮನಸ್ಸಿನಲ್ಲಿ ಉಳಿದಿದ್ದು 43. ಅಂದು ಮಿಂಚಿದವರಲ್ಲಿ ಒಬ್ಬರು ಚೆಸ್ಲಿನ್ ಕೋಲ್ಬೆ, ಅವರ ಕ್ಲಬ್ಬೂ ಜಪಾನಿನದೇ. ನಿಯಮದ ವಿರುದ್ಧ ಕೂಗು ಜೋರಾಗಿದ್ದು ಸಹಜ.

ಆದರೆ ಇಲ್ಲಿ ಆತುರ ಬೇಡ. ದಕ್ಷಿಣ ಆಫ್ರಿಕಾದ ಜನಸಂಖ್ಯೆ 6 ಕೋಟಿ ದಾಟಿದೆ. ಅಲ್ಲಿನ ದುಡ್ಡಿನ ಬೆಲೆ ಪೌಂಡು, ಯೂರೋ ಮುಂದೆ ಎಷ್ಟು ಕಡಿಮೆ ಅಂದರೆ ಆಟಗಾರರನ್ನು ಹಿಡಿದಿಡುವುದು ಹೇಗೂ ಸಾಧ್ಯವಿರಲಿಲ್ಲ. ನಿಯಮ ಇದ್ದರೂ ಹೋಗುತ್ತಿದ್ದರು. ಅಲ್ಲಿನ ಶಾಲೆಗಳಿಂದ ಹೊಸಬರು ಬರುತ್ತಲೇ ಇರುತ್ತಾರೆ. 2021ರಿಂದ ಅವರ ಪ್ರಮುಖ ತಂಡಗಳು ಯೂರೋಪಿನ ಲೀಗಿನಲ್ಲೇ ಆಡುತ್ತಿವೆ. ಯೂರೋಪಿಗೂ ಅವರಿಗೂ ಗಡಿಯಾರದ ವ್ಯತ್ಯಾಸವೇ ಇಲ್ಲ ಅನ್ನಬಹುದು. ಆಕ್ಲೆಂಡ್ ಭೂಗೋಳದ ಆ ತುದಿಯಲ್ಲಿದೆ. ಅವರಿಗೆ ಹೊಂದಿದ್ದು ಇವರಿಗೂ ಹೊಂದುತ್ತದೆ ಅಂತ ಸುಮ್ನೆ ಹೇಳಿಬಿಡಲು ಆಗುವುದಿಲ್ಲ.

## ಉಳಿದವರು ಏನು ಮಾಡಿದರು?

ಇಂಗ್ಲೆಂಡಿನಲ್ಲೂ ಮನೆಯಲ್ಲೇ ಆಡಬೇಕು ಅನ್ನುವ ನಿಯಮ. ತೀರಾ ಅಪರೂಪದ ಸಂದರ್ಭದಲ್ಲಿ ಮಾತ್ರ ವಿನಾಯಿತಿ. ಆಸ್ಟ್ರೇಲಿಯಾ 2015ರಲ್ಲಿ ನಡುದಾರಿ ಹಿಡಿಯಿತು. 60 ಟೆಸ್ಟ್ ಆಡಿ, 7 ವರ್ಷ ಆಸ್ಟ್ರೇಲಿಯಾದ ರಗ್ಬಿಗೆ ದುಡಿದವನು ಹೊರಗಿದ್ದರೂ ಬರಬಹುದು ಅಂತ. ಇದರ ಮೊದಲ ಲಾಭ ಪಡೆದವರಲ್ಲಿ ಫ್ರಾನ್ಸಿನ ಟೂಲೋನ್ ಕ್ಲಬ್ಬಿನ ಮ್ಯಾಟ್ ಗಿಟೋ ಒಬ್ಬರು. ಹಾಗಾಗಿ ನಿಯಮಕ್ಕೆ ಅವರ ಹೆಸರೇ ಬಿತ್ತು.

ಇದೇ ಟೂಲೋನ್‌ನಲ್ಲಿ ಗಿಟೋ ಜೊತೆ ಇಂಗ್ಲೆಂಡಿನ ಸ್ಟೆಫನ್ ಆರ್ಮಿಟೇಜ್ ಆಡುತ್ತಿದ್ದರು. 2014ರಲ್ಲಿ ಯೂರೋಪಿನ ವರ್ಷದ ಆಟಗಾರ ಪ್ರಶಸ್ತಿ ಅವರಿಗೇ ಬಂದಿತ್ತು. 2015ರ ವಿಶ್ವಕಪ್ ಇಂಗ್ಲೆಂಡಿನಲ್ಲೇ ನಡೆಯಿತು. ಇಂಗ್ಲೆಂಡ್ ನಿಯಮ ಸಡಿಲಿಸಲಿಲ್ಲ, ಆರ್ಮಿಟೇಜ್‌ಗೆ ಕರೆ ಬರಲಿಲ್ಲ. ಅಕ್ಟೋಬರ್ 3ರಂದು ಟ್ವಿಕೆನಮ್‌ನಲ್ಲಿ ಆಸ್ಟ್ರೇಲಿಯಾ 33–13ರಲ್ಲಿ ಇಂಗ್ಲೆಂಡನ್ನು ಸೋಲಿಸಿ ಟೂರ್ನಿಯಿಂದಲೇ ಹೊರಹಾಕಿತು. ಕೊನೆಯ ಹೊತ್ತಿನಲ್ಲಿ ಬಿದ್ದ ಟ್ರೈ ಗಿಟೋ ಅವರದು. ಒಂದೇ ಕ್ಲಬ್ಬಿನ ಇಬ್ಬರು. ಒಬ್ಬರು ಮೈದಾನದಲ್ಲಿ ಟ್ರೈ ಹೊಡೆದರು, ಇನ್ನೊಬ್ಬರ ಹೆಸರು ತಂಡದ ಪಟ್ಟಿಯಲ್ಲೇ ಇರಲಿಲ್ಲ. ಆರ್ಮಿಟೇಜ್ ಇದ್ದಿದ್ದರೆ ಇಂಗ್ಲೆಂಡ್ ಗೆಲ್ಲುತ್ತಿತ್ತು ಅಂತ ಹೇಳಲು ಬರುವುದಿಲ್ಲ. ಆದರೆ ನಿಯಮಕ್ಕೆ ತೆರಬೇಕಾದ ಬೆಲೆ ಏನು ಅನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಚಿತ್ರ ಸಿಗಲಿಕ್ಕಿಲ್ಲ.

ವೇಲ್ಸ್ 2017ರಲ್ಲಿ 60 ಕ್ಯಾಪಿನ ಮಿತಿ ಹಾಕಿ, 2023ರಲ್ಲಿ ಅದನ್ನು 25ಕ್ಕೆ ಇಳಿಸಿತು. ಆಸ್ಟ್ರೇಲಿಯಾ ಕೂಡ ತನ್ನ ಮಿತಿಯನ್ನು ಆಮೇಲೆ ಸಡಿಲಿಸುತ್ತಾ ಬಂತು. ಒಟ್ಟಿನಲ್ಲಿ ಬೇಲಿ ಹಾಕಿದವರಲ್ಲಿ ಹೆಚ್ಚಿನವರು ಅದನ್ನು ತಗ್ಗಿಸುತ್ತಲೇ ಬಂದಿದ್ದಾರೆ. ಗಟ್ಟಿಯಾಗಿ ನಿಂತವರು ನ್ಯೂಜಿಲೆಂಡ್ ಮತ್ತು ಇಂಗ್ಲೆಂಡ್.

## ನಾಲ್ಕನೇ ಆಯ್ಕೆ, ಮೀನು ಹಿಡಿಯುತ್ತಿದ್ದವನು

ನಿಯಮದ ಪರ ಇರುವವರ ಹತ್ತಿರವೂ ಒಂದು ಕತೆ ಇದೆ. ನ್ಯೂಜಿಲೆಂಡಿನಲ್ಲಿ ಅದು ಗೊತ್ತಿಲ್ಲದವರಿಲ್ಲ.

2011ರ ವಿಶ್ವಕಪ್ ಅಲ್ಲೇ ನಡೆಯುತ್ತಿತ್ತು. 10ನೇ ನಂಬರಿನ ಮಹಾ ಆಟಗಾರ ಡ್ಯಾನ್ ಕಾರ್ಟರ್ ತರಬೇತಿಯಲ್ಲಿ ಒದೆಯುವಾಗ ತೊಡೆಸಂದಿನ ಸ್ನಾಯು ಕಿತ್ತುಕೊಂಡು ಹೊರಬಿದ್ದರು. ಬದಲಿಗೆ ಬಂದ ಕಾಲಿನ್ ಸ್ಲೇಡ್ ಕ್ವಾರ್ಟರ್ ಫೈನಲ್‌ನಲ್ಲಿ ಗಾಯಗೊಂಡರು. ಮೂರನೆಯವರು ಏರನ್ ಕ್ರೂಡನ್. ಗಾಬರಿಯಾಗಿ ನಾಲ್ಕನೆಯವರಿಗೆ ಫೋನು ಹೋಯಿತು: ಸ್ಟೀಫನ್ ಡೊನಾಲ್ಡ್. ಅವರು ಆಗ ವೈಕಾಟೊ ನದಿಯಲ್ಲಿ ವೈಟ್‌ಬೇಟ್ ಅನ್ನುವ ಸಣ್ಣ ಮೀನು ಹಿಡಿಯುತ್ತಿದ್ದರು. ತಂಡದಿಂದ ಬಿಟ್ಟಾಗಿತ್ತು. ಇಂಗ್ಲೆಂಡಿನ ಬಾತ್ ಕ್ಲಬ್ಬಿಗೆ ಹೋಗುವುದೂ ಗೊತ್ತಾಗಿತ್ತು.

ಅಕ್ಟೋಬರ್ 23, ಈಡನ್ ಪಾರ್ಕ್, ಫ್ರಾನ್ಸ್ ವಿರುದ್ಧ ಫೈನಲ್. ಮೊದಲರ್ಧದಲ್ಲೇ ಕ್ರೂಡನ್ ಮೊಣಕಾಲು ತಿರುಚಿತು. ಮೈಗೆ ಸರಿಯಾಗಿ ಕೂರದ ಬಿಗಿ ಜೆರ್ಸಿ ಹಾಕಿಕೊಂಡು ಡೊನಾಲ್ಡ್ ಒಳಗೆ ಬಂದರು. ದ್ವಿತೀಯಾರ್ಧದಲ್ಲಿ ಒಂದು ಪೆನಾಲ್ಟಿ ಒದ್ದರು. ಚೆಂಡು ಕಂಬದೊಳಗೆ ಹೋಯಿತು. ನ್ಯೂಜಿಲೆಂಡ್ 8, ಫ್ರಾನ್ಸ್ 7. ಆ 3 ಅಂಕ ಬಿಟ್ಟರೆ ಕಪ್ ಇಲ್ಲ.

ಆಟಗಾರರನ್ನು ಮನೆಯಲ್ಲೇ ಇಟ್ಟುಕೊಂಡರೆ ಒಂದೊಂದು ಜಾಗಕ್ಕೆ ನಾಲ್ಕು ಜನ ತಯಾರಿರುತ್ತಾರೆ ಅನ್ನುವುದು ಈ ಕತೆಯ ಒಂದು ಓದು. ಬಾಗಿಲು ತೆರೆದಿದ್ದರೆ ಡೊನಾಲ್ಡ್ ಬಾತ್‌ನಲ್ಲಿದ್ದರೂ ಕರೆಯಬಹುದಿತ್ತಲ್ಲ ಅನ್ನುವುದು ಇನ್ನೊಂದು. ಎರಡೂ ಕಡೆಯವರು ಈ ಹೆಸರನ್ನೇ ಎತ್ತುತ್ತಾರೆ. ನನಗೆ ಇದರಲ್ಲಿ ಕಾಣುವುದು ಬೇರೆ: 10ನೇ ನಂಬರಿಗೆ ಮೂರು ಜನ ಇದ್ದರೂ ಸಾಲದೆ ಹೋಗಬಹುದು. ಆಯ್ಕೆಗಾರರು ಎರಡು ವರ್ಷ ಮುಂಚೆಯೇ ತಲೆಕೆಡಿಸಿಕೊಳ್ಳುವುದು ಅದಕ್ಕೇ.

## 33 ಹೆಸರು ಹೇಗೆ ಹುಟ್ಟುತ್ತವೆ?

ವಿಶ್ವಕಪ್‌ಗೆ ಒಂದು ತಂಡ 33 ಜನರನ್ನು ಕರೆದೊಯ್ಯಬಹುದು. ಪಂದ್ಯದ ದಿನ 23 ಜನ, 15 ಮೈದಾನದಲ್ಲಿ, 8 ಬೆಂಚಿನಲ್ಲಿ. ಮೂವತ್ತಮೂರು ಅಂದರೆ ಬೇಕಾದಷ್ಟಾಯಿತು ಅನ್ನಿಸುತ್ತದೆ. ಲೆಕ್ಕ ಹಾಕಿದರೆ ಹಾಗಲ್ಲ.

ಸ್ಕ್ರಮ್ ಅನ್ನುವ ನೂಕಾಟದಲ್ಲಿ ಮುಂದಿನ ಸಾಲಿನ ಮೂವರ ಕುತ್ತಿಗೆ, ಬೆನ್ನಿನ ಮೇಲೆ ಭಾರೀ ಒತ್ತಡ ಬೀಳುತ್ತದೆ. ತರಬೇತಿ ಇಲ್ಲದವರನ್ನು ಅಲ್ಲಿ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ. ಹಾಗಾಗಿ ಆ ಮೂರೂ ಜಾಗಕ್ಕೆ ಬೆಂಚಿನಲ್ಲಿ ತಕ್ಕ ಬದಲಿ ಇರಲೇಬೇಕು ಅಂತ ನಿಯಮ. ಅಲ್ಲಿಗೆ 8ರಲ್ಲಿ 3 ಹೋಯಿತು. ಉಳಿದ 5 ಜನ ಯಾರು ಅನ್ನುವುದು ಕೋಚ್ ಯೋಚನೆ. ಸಾಮಾನ್ಯವಾಗಿ ಬೆಂಚಿನಲ್ಲಿ 5 ಫಾರ್ವರ್ಡ್, 3 ಬ್ಯಾಕ್ ಇರುತ್ತಾರೆ. ಎರಾಸ್ಮಸ್ ಮಾರ್ಗದರ್ಶನದ ದಕ್ಷಿಣ ಆಫ್ರಿಕಾ 2023ರ ಫೈನಲ್‌ನಲ್ಲಿ 7 ಫಾರ್ವರ್ಡ್, ಒಬ್ಬನೇ ಬ್ಯಾಕ್ ಇಟ್ಟುಕೊಂಡಿತ್ತು. ದ್ವಿತೀಯಾರ್ಧದಲ್ಲಿ ದಣಿದ ಎದುರಾಳಿಯ ಮೇಲೆ ಏಳು ಹೊಸ ದೇಹಗಳನ್ನು ಬಿಡುವ ತಂತ್ರ. ಒಬ್ಬ ಬ್ಯಾಕ್‌ಗೆ ಗಾಯವಾದರೆ ಸುಧಾರಿಸಬಹುದು, ಇಬ್ಬರಿಗೆ ಆದರೆ ಕಥೆ ಮುಗಿಯಿತು.

ಇದರಿಂದಾಗಿ ಎರಡು ಜಾಗದಲ್ಲಿ ಆಡಬಲ್ಲವನಿಗೆ ಬೆಲೆ ಜಾಸ್ತಿ. ಬೋಡನ್ ಬ್ಯಾರೆಟ್, ಡೇಮಿಯನ್ ಮೆಕೆನ್ಜಿ ಇಬ್ಬರೂ 10ನೇ ನಂಬರಿನಲ್ಲೂ ಆಡಬಲ್ಲರು, ಎಲ್ಲರಿಗಿಂತ ಹಿಂದೆ ನಿಲ್ಲುವ 15ನೇ ನಂಬರಿನಲ್ಲೂ ಆಡಬಲ್ಲರು.

ಇಲ್ಲಿ ವಯಸ್ಸಿನ ಮಾತು ಬರುತ್ತದೆ. 2027ರ ವಿಶ್ವಕಪ್ ಹೊತ್ತಿಗೆ ಬ್ಯಾರೆಟ್‌ಗೆ 36, ಮೊಉಂಗಾಗೆ 33, ಮೆಕೆನ್ಜಿಗೆ 32. ಮೂವರೂ ಮೂವತ್ತು ದಾಟಿದವರು. ಮೂವರನ್ನೂ ಕರೆದುಕೊಂಡು ಹೋದರೆ 2031ಕ್ಕೆ ಯಾರು ಅನ್ನುವುದು ಒಂದು ವಾದ. ವಿಶ್ವಕಪ್ ಗೆಲ್ಲುವುದಕ್ಕೆ ಹೋಗುತ್ತೀರೋ, ಹುಡುಗರಿಗೆ ಪಾಠ ಹೇಳುವುದಕ್ಕೋ ಅನ್ನುವುದು ಪ್ರತಿವಾದ. 2023ರ ನಂತರ ಏರನ್ ಸ್ಮಿತ್, ಬ್ರೋಡಿ ರೆಟಾಲಿಕ್, ವೈಟ್‌ಲಾಕ್ ಎಲ್ಲ ಒಟ್ಟಿಗೇ ಹೋದರು, ನೂರಾರು ಟೆಸ್ಟುಗಳ ಅನುಭವ ಒಂದೇ ಏಟಿಗೆ ಖಾಲಿಯಾಯಿತು. ಅದನ್ನು ಕಂಡವರು ಅನುಭವಿಗಳನ್ನು ಬಿಡಬೇಡಿ ಅನ್ನುತ್ತಾರೆ. ಆದರೆ ಅದೇ ಖಾಲಿ ಜಾಗದಲ್ಲಿ ಹೊಸಬರೂ ಎದ್ದು ಬಂದರು. 9ನೇ ನಂಬರಿಗೆ ಕ್ಯಾಮ್ ರೋಯ್‌ಗಾರ್ಡ್, ಫಾರ್ವರ್ಡ್‌ಗಳಲ್ಲಿ ವಾಲೇಸ್ ಸಿಟಿಟಿ. ಸಿಟಿಟಿ 2024ರಲ್ಲಿ ವರ್ಲ್ಡ್ ರಗ್ಬಿಯ ವರ್ಷದ ಹೊಸ ಪ್ರತಿಭೆ. ಅವರ ತಂದೆ ಸೆಮೊ ಸಿಟಿಟಿ ಒಂದು ಕಾಲದಲ್ಲಿ ಸಮೋವಾ ತಂಡದ ನಾಯಕರಾಗಿದ್ದವರು.

ಇದರ ಜೊತೆಗೆ ಹೊಂದಾಣಿಕೆ. 9 ಮತ್ತು 10ರ ನಡುವೆ ಪಾಸು ಯಾವ ವೇಗದಲ್ಲಿ, ಎಷ್ಟು ದೂರಕ್ಕೆ ಬರುತ್ತದೆ ಅನ್ನುವುದು ಮಾತಿಲ್ಲದೆ ತಿಳಿಯಬೇಕು. ಅದು ಒಟ್ಟಿಗೆ ಆಡಿ ಆಡಿಯೇ ಬರುವ ವಿದ್ಯೆ. ಮೊಉಂಗಾ ಜಪಾನಿನಲ್ಲಿದ್ದಷ್ಟು ದಿನ ರೋಯ್‌ಗಾರ್ಡ್ ಆಡಿ ಪಳಗಿದ್ದು ಬೇರೆ 10ನೇ ನಂಬರಿನವರ ಜೊತೆ.

## ವಾಪಸ್ ಬಂದರೆ ಯಾರ ಗೆಲುವು?

2027ರಲ್ಲಿ 24 ತಂಡಗಳು, ನಾಲ್ಕು ನಾಲ್ಕರ ಆರು ಗುಂಪು. ನ್ಯೂಜಿಲೆಂಡ್ ಇರುವುದು ಆತಿಥೇಯ ಆಸ್ಟ್ರೇಲಿಯಾದ ಜೊತೆಗೇ, ಅದೇ ಗುಂಪಿನಲ್ಲಿ ಚಿಲಿ ಮತ್ತು ಹಾಂಗ್‌ಕಾಂಗ್. ಆಸ್ಟ್ರೇಲಿಯಾ ತನ್ನ ಹೊರದೇಶದ ಆಟಗಾರರನ್ನು ಕರೆಸಿಕೊಳ್ಳಬಹುದು. ನ್ಯೂಜಿಲೆಂಡ್ ಮನೆಯವರನ್ನು ಮಾತ್ರ. ಎರಡು ಪದ್ಧತಿಗಳು ಒಂದೇ ಗುಂಪಿನಲ್ಲಿ ಎದುರುಬದುರಾಗುತ್ತವೆ.

ಮೊಉಂಗಾ ಮರಳುವುದನ್ನೂ ಜನ ಎರಡು ಥರ ಓದುತ್ತಿದ್ದಾರೆ. ನೋಡಿ, ಜೆರ್ಸಿಗೋಸ್ಕರ ಜಪಾನಿನ ದುಡ್ಡು ಬಿಟ್ಟು ಬಂದರು, ನಿಯಮ ಕೆಲಸ ಮಾಡಿತು ಅನ್ನುತ್ತಾರೆ ಕೆಲವರು. ಟೂಲೋನ್‌ಗೆ ಹೋಗಿದ್ದ ಲೆಸ್ಟರ್ ಫಾಯಿಂಗಾನುಕು ಕೂಡ ಕ್ರುಸೇಡರ್ಸ್‌ಗೆ ಮರಳಿದ್ದನ್ನು ಅವರು ಜೊತೆಗೆ ಸೇರಿಸುತ್ತಾರೆ. ಉಳಿದವರು ಕೇಳುವುದು ಬೇರೆ. ಬಂದರು ಸರಿ, ನಡುವೆ ಕೈತಪ್ಪಿದ ಟೆಸ್ಟುಗಳನ್ನು ಯಾರು ವಾಪಸ್ ಕೊಡುತ್ತಾರೆ? ಜಪಾನಿನ ಲೀಗ್ ನಡೆಯುವುದು ಡಿಸೆಂಬರಿನಿಂದ ಜೂನ್ ಆರಂಭದವರೆಗೆ. ಆಲ್ ಬ್ಲ್ಯಾಕ್ಸ್ ಟೆಸ್ಟುಗಳು ಜುಲೈನಿಂದ ನವೆಂಬರ್‌ವರೆಗೆ. ಎರಡಕ್ಕೂ ತಿಕ್ಕಾಟವೇ ಇಲ್ಲದಿದ್ದಾಗ ಅವರನ್ನು ಹೊರಗಿಟ್ಟು ಗಳಿಸಿದ್ದೇನು?

ಮಂಡಳಿಯ ಉತ್ತರ ಸೂಪರ್ ರಗ್ಬಿಯಲ್ಲಿದೆ. ಆ ಲೀಗ್ ನಡೆಯುವುದು ಜಪಾನ್ ಲೀಗ್ ನಡೆಯುವ ತಿಂಗಳುಗಳಲ್ಲೇ. ಇವತ್ತು ಒಬ್ಬರಿಗೆ ಎರಡನ್ನೂ ಕೊಟ್ಟರೆ ನಾಳೆ ಇಪ್ಪತ್ತು ಜನ ಅದನ್ನೇ ಕೇಳುತ್ತಾರೆ. ಆಗ ಫೆಬ್ರವರಿಯ ಸಂಜೆ ಕ್ರೈಸ್ಟ್‌ಚರ್ಚ್‌ನಲ್ಲೋ ಡನೀಡನ್‌ನಲ್ಲೋ ಟಿಕೆಟ್ ತೆಗೆದುಕೊಂಡು ಬಂದವರಿಗೆ ತೋರಿಸಲು ಯಾರು ಉಳಿದಿರುತ್ತಾರೆ ಅನ್ನುವುದು ಅವರ ಪ್ರಶ್ನೆ.